ಗದ್ವಾಲದಾಕಿಯ ಕಾಮೆಂಟು

ಆ ದಿನಗಳಲ್ಲಿ ನನಗೊಂದು ಚಿಂತೆ ಹತ್ತಿಕೊಂಡಿತ್ತು. ಯಾರ ಮುಂದೆಯೂ ಹೇಳುವಂಥದ್ದಲ್ಲ, ಹೇಳಿದರೆ ನಗುತ್ತಾರೆ. ನನ್ನ ಬ್ಲಾಗನ್ನು ದಿನಾ ಯಾರೋ ಒಬ್ಬರು ತೆರೆದು ನೋಡುತ್ತಿದ್ದಾರೆ ಎಂದು ಅದರ ಹೊಸದಾಗಿ ಬದಲಾದ ಪರದೆ ತೋರಿಸುತ್ತಿತ್ತು. ಆ ಒಬ್ಬರು ನಾನೇ ಇರಬಹುದೇ ಎಂಬುದು ನನ್ನ ಚಿಂತೆ.

ಪರೀಕ್ಷೆ ಮಾಡಿ ನೋಡುವುದು ಸುಲಭವಿತ್ತು. ಒಂದು ದಿನ ನಾನು ತೆರೆಯದೆ ಸುಮ್ಮನಿದ್ದರೆ ಮರುದಿನ ಗೊತ್ತಾಗುತ್ತಿತ್ತು. ಆದರೆ ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಿ ಒಳಗೆ ಬಂದ ಕೂಡಲೇ ಕೈ ತಾನಾಗಿ ಲ್ಯಾಪ್‌ಟಾಪ್ ತೆರೆದಿರುತ್ತಿತ್ತು. ತೆರೆದಾದ ಮೇಲೆ ನೆನಪಾಗುತ್ತಿತ್ತು, ಅಯ್ಯೋ, ಇವತ್ತಿನ ಒಬ್ಬಳೂ ನಾನೇ ಆದೆನಲ್ಲ ಎಂದು. ಒಳಗೊಳಗೆ ಸಮಾಧಾನವೂ ಆಗುತ್ತಿತ್ತು. ಸೊನ್ನೆ ನೋಡುವುದು ಒಂದು ದಿನದ ಮಟ್ಟಿಗೆ ತಪ್ಪಿತಲ್ಲ.

ನಮ್ಮದು ತೆಲುಗು ನಾಡಿನ ಅಂಚಿನ ಮಕ್ತಲ್. ಅಪ್ಪ ಬೀರಯ್ಯ ಕುರಿ ಕಾಯುತ್ತಾನೆ, ವರ್ಷದ ಅರ್ಧ ಹಿಂಡಿನ ಹಿಂದೆಯೇ ಇರುತ್ತಾನೆ. ಬೆಳೆ ಕೊಯ್ದ ಹೊಲಗಳಲ್ಲಿ ರಾತ್ರಿ ಹಿಂಡನ್ನು ತರುಬಿ ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರವಾಗುತ್ತದೆ, ಹೊಲದವರು ಅಪ್ಪನಿಗೆ ಜೋಳ ಕೊಡುತ್ತಾರೆ. ಹಾಗೆ ಒಂದು ಹೊಲದಿಂದ ಇನ್ನೊಂದಕ್ಕೆ ಹೋಗುತ್ತ ಹೋಗುತ್ತ ದೂರದ ವಡ್ಡೆಪಲ್ಲಿಯ ತನಕ ಮುಟ್ಟಿಬಿಡುತ್ತಾನೆ. ಮನೆಯಲ್ಲಿ ಉಳಿಯುವವರು ಅವ್ವ ಶೇಖಮ್ಮ ಮತ್ತು ನಾನು, ಅಖಿಲಾ. ಹತ್ತನೆಯ ತನಕ ನಾನು ಓದಿದ್ದು ಕನ್ನಡ ಶಾಲೆಯಲ್ಲಿ, ಆಮೇಲೆ ನಾರಾಯಣಪೇಟೆಯಲ್ಲಿ ಡಿಗ್ರಿ. ಅಲ್ಲಿ ಪುಸ್ತಕ ಇಂಗ್ಲಿಷಿನದು, ಮಾತು ತೆಲುಗಿನದು. ಈಗ ಏನು ಮಾಡುತ್ತೀ ಎಂದು ಕೇಳಿದವರಿಗೆ ಸರ್ಕಾರಿ ಪರೀಕ್ಷೆಗೆ ಓದುತ್ತಿದ್ದೇನೆ ಎನ್ನುತ್ತೇನೆ. ಕೇಳಿದವರಿಗೆ ಅಷ್ಟು ಸಾಕು.

ಬ್ಲಾಗಿನ ಹೆಸರು ‘ಕೊನೆ ಸೀಟು’. ನಾರಾಯಣಪೇಟೆಯ ಬಸ್ಸಿನಲ್ಲಿ ನಾನು ಕೂರುತ್ತಿದ್ದುದು ಅಲ್ಲೇ. ಅಲ್ಲಿ ಕೂತವಳನ್ನು ಯಾರೂ ಮಾತಾಡಿಸುವುದಿಲ್ಲ, ಅವಳಿಗೆ ಮಾತ್ರ ಎಲ್ಲರ ಬೆನ್ನೂ ಕಾಣುತ್ತದೆ. ಮೊದಲು ಕಾಗದದ ಮೇಲೆ ಡೈರಿ ಬರೆಯುತ್ತಿದ್ದೆ. ಅವ್ವನಿಗೆ ಓದು ಬಾರದು, ಅಪ್ಪನಿಗೂ ಬಾರದು, ಬಚ್ಚಿಡುವ ಅಗತ್ಯವೇ ಇರಲಿಲ್ಲ. ಬಚ್ಚಿಡಬೇಕಿಲ್ಲದ ಡೈರಿ ಬರೆಯುವುದು ಒಂಥರಾ ಬೇಸರ. ಯಾರಾದರೂ ಓದಬಹುದಾದ ಜಾಗದಲ್ಲಿ ಹೆಸರು ಹಾಕದೆ ಬರೆಯೋಣ ಎಂದು ಅಲ್ಲಿಗೆ ಬಂದೆ.

ಯಾರಾದರೂ ಎಂದೆನಲ್ಲ, ನಮ್ಮ ಕಡೆ ಕನ್ನಡ ಮಾತಾಡುವವರು ಬೇಕಾದಷ್ಟು, ಓದುವವರು ಕಡಿಮೆ. ಕಿರಾಣಿ ಅಂಗಡಿಯ ಬೋರ್ಡು ತೆಲುಗು, ಬಸ್ಸಿನ ಬೋರ್ಡು ತೆಲುಗು, ಮದುವೆ ಪತ್ರಿಕೆಯೂ ತೆಲುಗು. ಆ ಕಡಿಮೆಯವರಲ್ಲಿ ಒಬ್ಬರು ನನಗೆ ಸಿಕ್ಕಿದ್ದರು. ‘ಗದ್ವಾಲದಾಕಿ’ ಎಂದಷ್ಟೇ ಹಾಕಿಕೊಂಡು ಕಾಮೆಂಟು ಬರೆಯುತ್ತಿದ್ದರು. ನಾನೇನು ಹಾಕಿದರೂ ಎರಡು ದಿನದೊಳಗೆ ಕೆಳಗೆ ಅವರ ನಾಲ್ಕು ಸಾಲು ಬಂದಿರುತ್ತಿತ್ತು.

ಹೊಗಳುತ್ತಿದ್ದರೆಂದಲ್ಲ. ಸಂಜೆ, ಕಿಟಕಿ, ಒಂಟಿ ಮರ ಸಾಕು ಮಾಡು, ಏನಾದರೂ ಉಂಡ ಸುದ್ದಿ ಬರಿ ಎಂದು ಒಮ್ಮೆ ಬೈದಿದ್ದರು. ಉಂಡ ಸುದ್ದಿ ಬರೆದಾಗ, ಹುಣಸೆ ಚಿಗುರಿನ ಸಾರಿಗೆ ಬೆಳ್ಳುಳ್ಳಿ ಯಾವಾಗ ಹಾಕಿದೆ ಎಂಬುದನ್ನೇ ಬಿಟ್ಟಿದ್ದೀಯಲ್ಲ ಎಂದು ಮತ್ತೆ ಬೈದರು. ಇನ್ನೊಮ್ಮೆ, ನಿನ್ನ ಬರಹ ಓದುತ್ತ ಯಾರದೋ ಸೀರೆಗೆ ಫಾಲನ್ನು ಮೇಲಂಚಿಗೆ ಹಚ್ಚಿಬಿಟ್ಟೆ, ಬಿಚ್ಚಿದ್ದು ನಿನ್ನ ಲೆಕ್ಕಕ್ಕೆ ಎಂದು ಬರೆದಿದ್ದರು. ಅವರು ಸೀರೆಗಳಿಗೆ ಫಾಲ್ ಹಚ್ಚಿ ಪೀಕೋ ಮಾಡುವ ಅಂಗಡಿ ಇಟ್ಟುಕೊಂಡಿದ್ದಾರೆ, ಎದುರಿಗೊಂದು ಹಿಟ್ಟಿನ ಗಿರಣಿ ಇದೆ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಗಿರಣಿಯ ಸದ್ದಿನ ನಡುವೆ ಫೋನಿನಲ್ಲಿ ಓದುತ್ತಾರೆ. ನನಗೆ ಗೊತ್ತಿದ್ದುದು ಇಷ್ಟೇ. ಇಷ್ಟೇ ಗೊತ್ತಿದ್ದ ಒಬ್ಬರಿಗೆ ಹೇಳಿದಷ್ಟು ಮಾತನ್ನು ನಾನು ಬೇರೆ ಯಾರಿಗೂ ಹೇಳಿರಲಿಲ್ಲ.

ಬ್ಲಾಗು ಬದಲಾಗಿದ್ದು ಶ್ರಾವಣದಲ್ಲಿ. ಅದರ ಹಿಂದಿನ ದಿನ ನಾನು ಅವ್ವನ ಬಗ್ಗೆ ಬರೆದಿದ್ದೆ. ಅಪ್ಪ ತಿಂಗಳುಗಟ್ಟಲೆ ಹೊರಗಿದ್ದು ಬಂದಾಗ ಅವ್ವ ಅವನನ್ನು ಮಾತಾಡಿಸುವುದಿಲ್ಲ, ಅವನ ಹೆಗಲ ಕಂಬಳಿಯನ್ನು ಇಸಿದುಕೊಂಡು ಅದನ್ನು ಮಾತಾಡಿಸುತ್ತಾಳೆ. ಎಲ್ಲೆಲ್ಲಿ ಬಿದ್ದುಕೊಂಡಿದ್ದೆ, ಯಾವ ಮುಳ್ಳು ಹರಿದುಕೊಂಡೆ, ಹೊಟ್ಟೆಗೇನಾದರೂ ಕಂಡೆಯಾ ಎಂದು ಕಂಬಳಿಯನ್ನು ಕೇಳುತ್ತ ಕೊಡವುತ್ತಾಳೆ. ಅಪ್ಪ ಕಟ್ಟೆಯ ಮೇಲೆ ಕೂತು ಕಂಬಳಿಯ ಪರವಾಗಿ ಉತ್ತರ ಕೊಡುತ್ತಾನೆ. ಅದನ್ನು ಹಾಕಿ, ಗದ್ವಾಲದಾಕಿ ಇದಕ್ಕೇನನ್ನುತ್ತಾರೋ ಎಂದು ಕಾಯುತ್ತಿದ್ದೆ. ಬರೆದುದರಲ್ಲಿ ನನಗೇ ಹಿಡಿಸಿದ್ದು ಅದೊಂದೇ.

ಮರುದಿನ ಬೆಳಿಗ್ಗೆ ತೆರೆದರೆ ಪರದೆಯೆಲ್ಲ ಬೆಳ್ಳಗೆ. ಎಡಗಡೆ ಸಾಲಾಗಿ ಇರುತ್ತಿದ್ದ ಹೆಸರುಗಳು ಇಲ್ಲ. ಅವುಗಳ ಜಾಗದಲ್ಲಿ ಸಣ್ಣ ಸಣ್ಣ ಗೊಂಬೆಗಳು, ಒಂದು ಪೆನ್ಸಿಲು, ಒಂದು ಕೂಡು ಚಿಹ್ನೆ, ಹಲ್ಲಿನ ಚಕ್ರ. ಉಳಿಸುವುದು ಎಲ್ಲಿದೆ, ಪ್ರಕಟಿಸುವುದು ಎಲ್ಲಿದೆ ಎಂದು ಗೊತ್ತಾಗದೆ ಒಂದನ್ನು ಮುಟ್ಟಿದರೆ ಅರ್ಧ ಬರೆದಿಟ್ಟ ಕರಡು ಪ್ರಕಟವಾಗಿ ಹೋಯಿತು. ಹಿಂದಕ್ಕೆ ತೆಗೆದುಕೊಳ್ಳಲು ಹುಡುಕಿದರೆ ಇನ್ನೊಂದು ಕರಡು ಅಳಿಸಿತು. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುತ್ತಿದ್ದ ಗುಂಡಿ ಮಾಯವಾಗಿತ್ತು. ನಾನು ಆಸೆಪಟ್ಟು ಆರಿಸಿಕೊಂಡಿದ್ದ ಅರಿಶಿನ ಬಣ್ಣದ ಹಿನ್ನೆಲೆ ಹೋಗಿ, ಆಸ್ಪತ್ರೆಯ ಗೋಡೆಯಂಥ ಬಣ್ಣ ಬಂದಿತ್ತು. ಮೂಲೆಯಲ್ಲಿ ‘ಹಳೆಯದಕ್ಕೆ ಮರಳಿ’ ಎಂದು ಒಂದು ಸಾಲು ಕಂಡು ಜೀವ ಬಂದಂತಾಯಿತು. ಮುಟ್ಟಿದೆ, ಹಳೆಯದು ಬಂತು. ವಾರವಾಗುವಷ್ಟರಲ್ಲಿ ಆ ಸಾಲನ್ನೂ ತೆಗೆದುಬಿಟ್ಟರು.

ಅಂಗಡಿಯಲ್ಲಿ ಚಿಲ್ಲರೆ ಕಡಿಮೆ ಕೊಟ್ಟರೂ ಕೇಳದೆ ಬರುವವಳು ನಾನು. ಆದರೆ ಅವತ್ತು ಪರದೆಯ ಮೇಲೆ ಮೂರು ಮುಖಗಳು ಮೂಡಿ, ಹೊಸ ವಿನ್ಯಾಸ ನಿಮಗೆ ಹೇಗನ್ನಿಸಿತು ಎಂದು ಕೇಳಿದಾಗ ತಡೆಯಲಾಗಲಿಲ್ಲ. ಅಳುವ ಮುಖವನ್ನು ಒತ್ತಿದೆ, ಬರೆಯಲು ಜಾಗ ಬಂತು. ಬರೆದೆ. ನಾನು ಹೊರಗೆ ಹೋದಾಗ ಮನೆಗೆ ಬಂದು, ಪಾತ್ರೆ ಪಡಗವನ್ನೆಲ್ಲ ಬೇರೆ ಬೇರೆ ಗೂಡುಗಳಲ್ಲಿ ಇಟ್ಟು, ಉಪ್ಪಿನ ಡಬ್ಬಿಯನ್ನು ಅಟ್ಟದ ಮೇಲಿಟ್ಟು, ಈಗ ಬಾಗಿಲಲ್ಲಿ ನಿಂತು ಚೆನ್ನಾಗಿದೆಯಾ ಎಂದು ಕೇಳುತ್ತೀರಿ, ಇದು ಯಾವ ರೀತಿ ಎಂದು ಬರೆದೆ. ಇನ್ನೂ ಏನೇನೋ ಬರೆದೆ. ಕಳಿಸಿದ ಕೂಡಲೇ ಪರದೆಯ ತುಂಬ ಬಣ್ಣದ ಚೂರುಗಳು ಉದುರಿ ಧನ್ಯವಾದ ಎಂದಿತು. ಅವು ಉದುರಿ ಮುಗಿಯುವ ತನಕ ನೋಡುತ್ತ ಕೂತಿದ್ದೆ.

ಇದನ್ನೆಲ್ಲ ಸಹಿಸಿಕೊಳ್ಳಬಹುದಿತ್ತು. ಗದ್ವಾಲದಾಕಿ ಬರಲಿಲ್ಲ. ಕಂಬಳಿಯ ಬರಹದ ಕೆಳಗೆ ಏನೂ ಇಲ್ಲ. ಅದಾದ ಮೇಲೆ ಹೇಗೋ ಒದ್ದಾಡಿ ಇನ್ನೆರಡು ಹಾಕಿದೆ, ಅವುಗಳ ಕೆಳಗೂ ಇಲ್ಲ. ಮೊದಮೊದಲು ಅವರಿಗೆ ಹುಷಾರಿಲ್ಲವೇನೋ ಅಂದುಕೊಂಡೆ. ಆಮೇಲೆ, ನನ್ನ ಬರಹ ಬೇಸರ ತರಿಸಿರಬೇಕು ಅಂದುಕೊಂಡೆ. ಹಾಗಂದುಕೊಂಡ ಮೇಲೆ ಬರೆಯುವುದಕ್ಕೆ ಏನೂ ತೋಚದಾಯಿತು. ಬಾವಿಕಟ್ಟೆ, ಬಸ್‌ಸ್ಟ್ಯಾಂಡು, ಅವ್ವನ ಮಾತು, ಯಾವುದನ್ನು ನೋಡಿದರೂ ಇದನ್ನು ಹೇಳಬೇಕು ಎನ್ನಿಸುತ್ತಿದ್ದುದು ನಿಂತುಹೋಯಿತು. ಮನೆ ಎಂದಿಗಿಂತ ಸಪ್ಪಳವಿಲ್ಲದ್ದಾಯಿತು, ಅವ್ವ ಎಂದಿನಂತೆಯೇ ಮಾತಾಡುತ್ತಿದ್ದರೂ.

ಕೊನೆಗೆ ಧೈರ್ಯ ಮಾಡಿ ಗುರುಪ್ರಸಾದಣ್ಣನ ಹತ್ತಿರ ಹೋದೆ. ನಮ್ಮ ಓಣಿಯ ತುದಿಯಲ್ಲಿ ಆನ್‌ಲೈನ್ ಸೆಂಟರ್ ಇಟ್ಟುಕೊಂಡಿದ್ದಾನೆ, ಅರ್ಜಿ ಹಾಕುವುದು, ಕರೆಂಟ್ ಬಿಲ್ಲು ಕಟ್ಟುವುದು ಎಲ್ಲ ಅವನಲ್ಲೇ. ಗುಂಡುಮಾಲ್ ಊರಿನ ಗೆಳತಿಯೊಬ್ಬಳ ಬ್ಲಾಗು ಕೆಟ್ಟಿದೆ, ನೋಡಿಕೊಡು ಎಂದೆ. ಅವನು ನನ್ನ ಮುಖ ನೋಡಿದ, ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡ. ಅವನು ಓದಿದ್ದು ತೆಲುಗು ಶಾಲೆಯಲ್ಲಿ. ಕನ್ನಡ ಅಕ್ಷರಗಳನ್ನು ತೆಲುಗಿನ ಅಂದಾಜಿನ ಮೇಲೆ ಕೂಡಿಸಿಕೊಂಡು ಒಂದು ಸಾಲನ್ನು ನಿಧಾನವಾಗಿ, ಗಟ್ಟಿಯಾಗಿ ಓದಿದ. ನಾನು ಬಾಗಿಲ ಕಡೆ ನೋಡುತ್ತ ನಿಂತೆ.

“ನಿನ್ನ ಗೆಳತಿ ಬಾಳ ಒಬ್ಬಾಕೀನ ಇರ್ತಾಳೇನು?” ಎಂದ.

ನನಗೆ ಗೊತ್ತಿಲ್ಲ ಎಂದೆ.

“ಬರವಣಿಗಿ ನೋಡಿದ್ರ ಹಂಗ ಅನಸ್ತೈತಿ. ಇರಲಿ ಬಿಡು, ಆಕಿ ಬ್ಲಾಗ್ ಆಕಿಗೆ.”

ಹಲ್ಲಿನ ಚಕ್ರದೊಳಗೆ ಹೊಕ್ಕು ಹುಡುಕಿ, ಖಾತೆ ಇಲ್ಲದವರ ಕಾಮೆಂಟನ್ನು ತಡೆಯುವಂತೆ ಹೊಸದರಲ್ಲಿ ತಾನಾಗಿಯೇ ಬದಲಾಗಿದೆ ಎಂದು ತೋರಿಸಿದ. ಇನ್ನು ಮುಂದೆ ಎಲ್ಲರದೂ ಬರಲಿ ಎಂದು ಮಾಡಿದ. ಆಮೇಲೆ ತನ್ನ ಫೋನಿನಲ್ಲಿ ಬ್ಲಾಗನ್ನು ತೆರೆದು ನನ್ನ ಕೈಗೆ ಕೊಟ್ಟ. ಅದು ಫೋನಿನಲ್ಲಿ ಹೇಗೆ ಕಾಣುತ್ತದೆ ಎಂದು ನಾನು ನೋಡಿಯೇ ಇರಲಿಲ್ಲ. ಫೋನಿನಲ್ಲಿ ನನ್ನ ಬರಹಗಳು ಇರಲೇ ಇಲ್ಲ. ಒಂದರ ಕೆಳಗೊಂದು ಬೂದು ಬಣ್ಣದ ಚೌಕಗಳು, ಚೌಕದ ಮೂಲೆಯಲ್ಲೊಂದು ತಾರೀಕು, ಅಷ್ಟೇ. ಹೊಸ ವಿನ್ಯಾಸ ಪ್ರತಿ ಬರಹಕ್ಕೂ ಒಂದು ಚಿತ್ರ ಕೇಳುತ್ತದಂತೆ. ಚಿತ್ರವಿಲ್ಲದಿದ್ದರೆ ಹೀಗೆ ಖಾಲಿ ಚೌಕ. ಅದನ್ನು ಮುಟ್ಟಿದರೆ ಒಳಗೆ ಬರಹ ಇರುತ್ತದೆ. ಆದರೆ ಖಾಲಿ ಚೌಕವನ್ನು ಮುಟ್ಟಿ ನೋಡಬೇಕೆಂದು ಯಾರಿಗೆ ಹೊಳೆಯುತ್ತದೆ? ನಾನು ಒಂದಕ್ಕೂ ಚಿತ್ರ ಹಾಕಿದವಳಲ್ಲ. ಅವರು ಗಿರಣಿಯ ಸದ್ದಿನಲ್ಲಿ ಕೂತು ಫೋನಿನಲ್ಲಿ ಇದನ್ನೇ ನೋಡಿರಬೇಕು.

ಮನೆಗೆ ಬಂದು ಒಂದೊಂದಕ್ಕೂ ಒಂದು ಚಿತ್ರ ಹಾಕಿದೆ. ಗೋಡೆ, ಬಿಸಿಲು, ಮೊರ, ಹೊಸ್ತಿಲು, ಕೈಗೆ ಸಿಕ್ಕಿದ್ದು. ಚೌಕಗಳು ತುಂಬಿದವು. ಗದ್ವಾಲದಾಕಿ ಬರಲಿಲ್ಲ. ಒಮ್ಮೆ ಬೀಗ ನೋಡಿ ಹೋದವರು ದಿನಾ ಬಂದು ಕದ ತಟ್ಟುತ್ತಾರೆಯೇ?

ಆಗ ನನಗೆ ಅನ್ನಿಸಿತು, ಅವರಿಗೆ ಹೇಳುವುದಕ್ಕೆ ಬ್ಲಾಗಿನ ಹೊರಗಿನ ದಾರಿಯೇ ಉಳಿದಿರುವುದು ಎಂದು. ಹೇಳದಿದ್ದರೆ ಅವರು ನನ್ನನ್ನು ಮರೆಯುತ್ತಾರೆ. ಆಮೇಲೆ ನನ್ನ ಮಾತು ಕೇಳಲು ಯಾರೂ ಇಲ್ಲ. ಅದು ಖಚಿತವಿತ್ತು.

ಅವ್ವನ ಒಂದು ನಾರಾಯಣಪೇಟೆ ಸೀರೆ ಫಾಲ್ ಹಚ್ಚದೆ ಪೆಟ್ಟಿಗೆಯಲ್ಲಿ ಬಿದ್ದಿತ್ತು. ಗದ್ವಾಲದಲ್ಲಿ ಚೆನ್ನಾಗಿ ಹಚ್ಚುತ್ತಾರಂತೆ, ಹೋಗಿ ಹಚ್ಚಿಸಿಕೊಂಡು ಬರುತ್ತೇನೆ ಎಂದೆ.

“ಮಕ್ತಲ್‌ದಾಗ ಸೂಜಿ ದಾರ ಮುಗದಾವೇನು?” ಎಂದಳು ಅವ್ವ. “ಒಂದ್ ಫಾಲ್ ಹಚ್ಚಸಾಕ ಹೊಳಿ ದಾಟಿ ಹೋಗಾಕಿ ನೀ. ನಿಮ್ಮಪ್ಪ ಕುರಿ ಹಿಂದ ಹೋದ, ನೀ ಸೀರಿ ಹಿಂದ ಹೊಂಟಿ.”

ಹಾಗಂದವಳೇ ರೊಟ್ಟಿ ಕಟ್ಟಿಕೊಟ್ಟಳು. ಎಂದೂ ಎಲ್ಲಿಗೂ ಹೊರಡದ ಮಗಳು ಹೊರಟಿದ್ದೇ ಅವಳಿಗೆ ಸಂತೋಷವಾಗಿರಬೇಕು.

ಬಸ್ಸು ಆತ್ಮಕೂರಿನ ಮೇಲೆ ಹೋಗಿ ಜುರಾಲಾ ಅಣೆಕಟ್ಟಿನ ಮೇಲೆ ಕೃಷ್ಣೆಯನ್ನು ದಾಟಿತು. ಕೆಲವು ಗೇಟುಗಳನ್ನು ಎತ್ತಿದ್ದರು, ಕಿಟಕಿಯಿಂದ ನೀರಿನ ತುಂತುರು ಒಳಗೆ ಬಂತು. ಎಲ್ಲರೂ ಫೋನ್ ತೆಗೆದು ಚಿತ್ರ ಹಿಡಿದರು. ನಾನು ಹಿಡಿಯಲಿಲ್ಲ. ಅವರು ಸಿಕ್ಕರೆ ಮೊದಲ ಮಾತು ಏನು ಆಡಬೇಕು ಎಂದು ಮನಸ್ಸಿನಲ್ಲಿ ಜೋಡಿಸುತ್ತಿದ್ದೆ. ಜೋಡಿಸಿದ್ದೆಲ್ಲ ಬರಹದ ಹಾಗಿತ್ತು, ಬಾಯಲ್ಲಿ ಬರುವ ಹಾಗಿರಲಿಲ್ಲ.

ಗದ್ವಾಲದಲ್ಲಿ ಕೋಟೆಯ ಸುತ್ತಿನ ಓಣಿಗಳಲ್ಲಿ ಸೀರೆಯ ಅಂಗಡಿಗಳೇ. ಸೀರೆ ಇದ್ದಲ್ಲೆಲ್ಲ ಫಾಲ್ ಹಚ್ಚುವವರು. ಹಾಗಾಗಿ ನಾನು ಹಿಟ್ಟಿನ ಗಿರಣಿ ಎಲ್ಲಿದೆ ಎಂದು ಕೇಳುತ್ತ ಹೋದೆ. ಸೀರೆಯ ಚೀಲ ಹಿಡಿದು ಗಿರಣಿ ಕೇಳುವವಳನ್ನು ಜನ ವಿಚಿತ್ರವಾಗಿ ನೋಡಿದರು. ಮೊದಲು ಸಿಕ್ಕ ಗಿರಣಿಯ ಎದುರಿಗೆ ಸೈಕಲ್ ಅಂಗಡಿ ಇತ್ತು. ಇನ್ನೊಂದು ಗಿರಣಿ ಸಿಕ್ಕಿದ್ದು ಬಿಸಿಲೇರಿದ ಮೇಲೆ, ಇಕ್ಕಟ್ಟಾದ ಓಣಿಯಲ್ಲಿ. ಅದರ ಎದುರು ಮೂರು ಮೆಟ್ಟಿಲಿನ ಮೇಲೆ ಒಂದು ಸಣ್ಣ ಕೋಣೆ. ಬೋರ್ಡಿನ ಮೇಲೆ ತೆಲುಗಿನಲ್ಲಿ ಬಸವೇಶ್ವರಿ ಫಾಲ್ ಪೀಕೋ ಎಂದಿತ್ತು. ಒಳಗೆ ಅವ್ವನಿಗಿಂತ ಸ್ವಲ್ಪ ಚಿಕ್ಕವರು, ಕನ್ನಡಕ ಹಾಕಿಕೊಂಡು ಮಿಷಿನ್ ತುಳಿಯುತ್ತಿದ್ದರು.

ನಮ್ಮ ಕಡೆ ಅಂಗಡಿಗೆ ಹೋದವರು ಕನ್ನಡದಲ್ಲಿ ಮಾತು ತೆಗೆಯುವುದಿಲ್ಲ. ಎದುರಿನವರು ತೆಲುಗಿನವರಿದ್ದರೆ ಹಳ್ಳಿಯವಳು ಎಂದುಕೊಳ್ಳುತ್ತಾರೆ ಎಂಬ ಅಂಜಿಕೆ. ಅಂಗಡಿಯವರೂ ಗಿರಾಕಿಗೆ ಮುಜುಗರವಾಗಬಾರದೆಂದು ತೆಲುಗಿನಲ್ಲೇ ಕೇಳುತ್ತಾರೆ. ಹೀಗೆ ಮನೆಯಲ್ಲಿ ಕನ್ನಡ ಆಡುವ ಇಬ್ಬರು ಎದುರುಬದುರು ಕೂತು ಮರ್ಯಾದೆಗೆ ತೆಲುಗಿನಲ್ಲೇ ವ್ಯಾಪಾರ ಮುಗಿಸಿ ಎದ್ದುಹೋಗುವುದು ಉಂಟು. ಅವರು ತೆಲುಗಿನಲ್ಲಿ ಏನಮ್ಮಾ ಎಂದರು. ನಾನು ತೆಲುಗಿನಲ್ಲಿ, ಅಕ್ಕಾ, ಇದಕ್ಕೆ ಫಾಲ್ ಹಚ್ಚಬೇಕಿತ್ತು ಎಂದೆ.

ಸೀರೆಯನ್ನು ಬಿಡಿಸಿ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, ನಾರಾಯಣಪೇಟೆಯದಲ್ಲವೇ ಎಂದರು. ಎಲ್ಲಿಂದ ಬಂದೆ ಎಂದು ಕೇಳಿದರು. ಮಕ್ತಲ್ ಎಂದೆ. ಅಷ್ಟು ದೂರದಿಂದ ಫಾಲ್ ಹಚ್ಚಿಸಲು ಬಂದೆಯಾ ಎಂದು ನಕ್ಕು, ಸಂಬಂಧಿಕರ ಮನೆಗೆ ಬಂದಿರಬೇಕು ಎಂದು ತಾವೇ ಉತ್ತರವನ್ನೂ ಹೇಳಿಕೊಂಡರು. ನಾನು ಹೂಂ ಎಂದೆ. ಕೂತುಕೋ ಎಂದು ಸ್ಟೂಲು ತೋರಿಸಿದರು. ಗಿರಣಿಯ ಸದ್ದಿಗೆ ಗೋಡೆಯ ಕ್ಯಾಲೆಂಡರು ಅಲುಗುತ್ತಿತ್ತು. ಅವರು ಫಾಲಿನ ತುದಿ ಮಡಿಚಿ, ಸೂಜಿ ಪೋಣಿಸಿ, ಕೈ ಹೊಲಿಗೆ ಹಾಕತೊಡಗಿದರು. ಇವರೇ ಇರಬಹುದು, ಇಲ್ಲದೆಯೂ ಇರಬಹುದು ಎಂದುಕೊಳ್ಳುತ್ತ ಅವರ ಬೆರಳುಗಳನ್ನು ನೋಡುತ್ತ ಕೂತೆ.

ಅಷ್ಟರಲ್ಲಿ ಕರೆಂಟು ಹೋಯಿತು. ಗಿರಣಿ ನರಳುತ್ತ ನಿಂತಿತು, ಓಣಿಯೆಲ್ಲ ಒಮ್ಮೆಗೇ ಸುಮ್ಮನಾಯಿತು. ಅವರು ಸೂಜಿಯನ್ನು ಸೀರೆಗೇ ಚುಚ್ಚಿಟ್ಟು, ಫೋನ್ ತೆಗೆದುಕೊಂಡು ಎರಡು ಸಲ ಬೆರಳಾಡಿಸಿ ಮತ್ತೆ ಮಗುಚಿ ಇಟ್ಟರು.

ನಾನು ಎಲ್ಲಿಂದ ಧೈರ್ಯ ತಂದುಕೊಂಡೆನೋ, ಫೋನಿನಲ್ಲಿ ಏನಾದರೂ ಓದುತ್ತೀರಾ ಅಕ್ಕಾ ಎಂದು ಕೇಳಿದೆ. ತೆಲುಗಿನಲ್ಲೇ.

ಮೊದಲು ಓದುತ್ತಿದ್ದೆ, ಈಗ ಇಲ್ಲ ಎಂದರು. ಒಂದು ಹುಡುಗಿ ಬರೆಯುತ್ತಿದ್ದಳು, ಕನ್ನಡದಲ್ಲಿ, ನಿನಗೆ ಕನ್ನಡ ಬರಲಿಕ್ಕಿಲ್ಲ ಎಂದರು.

ಬರುತ್ತದೆ ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನಾನು ಇಲ್ಲ ಎನ್ನುವಂತೆ ತಲೆಯಾಡಿಸಿಬಿಟ್ಟೆ. ಯಾಕೆ ಹಾಗೆ ಮಾಡಿದೆನೋ. ಅಪರಿಚಿತರ ಎದುರು ನನ್ನ ತಲೆ ನನ್ನನ್ನು ಕೇಳದೆಯೇ ಆಡುತ್ತದೆ.

ಕೇಳುವವಳಿಗೆ ಗೊತ್ತಾಗದ ವಿಷಯ ಎಂದಾದ ಮೇಲೆ ಅವರಿಗೆ ಹೇಳುವುದು ಸುಲಭವಾಯಿತೇನೋ. ಕತ್ತಲಾದ ಕೋಣೆಯಲ್ಲಿ ಮೆಲ್ಲಗೆ ಹೇಳುತ್ತ ಹೋದರು. ಅವರ ತವರು ರಾಯಚೂರು ಕಡೆಯಂತೆ. ಮದುವೆಯಾಗಿ ಗದ್ವಾಲಕ್ಕೆ ಬಂದ ಮೇಲೆ ಓದಲು ಕನ್ನಡ ಅಂಬೋದು ಕಣ್ಣಿಗೇ ಬಿದ್ದಿರಲಿಲ್ಲ. ಗಂಡನಿಗೆ ಅಂಥದ್ದು ಬೇಕಿಲ್ಲ, ಮಗಳು ಶಿರೀಷಾ ಕನ್ನಡ ಆಡುತ್ತಾಳೆ, ಅಕ್ಷರ ಗೊತ್ತಿಲ್ಲ. ಫೋನಿನಲ್ಲಿ ಹುಡುಕುತ್ತ ಈ ಹುಡುಗಿಯ ಬರಹ ಸಿಕ್ಕಿತ್ತು. ಊರು ಬರೆಯುತ್ತಿರಲಿಲ್ಲ, ಹೆಸರು ಬರೆಯುತ್ತಿರಲಿಲ್ಲ, ಆದರೆ ಇಲ್ಲೇ ಎಲ್ಲೋ ಹತ್ತಿರದವಳು ಎಂದು ಮಾತಿನಲ್ಲಿ ಗೊತ್ತಾಗುತ್ತಿತ್ತು. ಒಮ್ಮೊಮ್ಮೆ ಅವಳ ಗೋಳು ಓದಿ, ಎದುರಿಗಿದ್ದರೆ ತಲೆಗೊಂದು ಮೊಟಕಿ ಉಣ್ಣಲು ಕೂರಿಸುತ್ತಿದ್ದೆ ಎಂದರು. ನನ್ನ ಕಿವಿ ಬಿಸಿಯಾಯಿತು. ಕತ್ತಲಿದ್ದುದು ಒಳ್ಳೆಯದಾಯಿತು.

ಈಗ ಬರೆಯುವುದಿಲ್ಲವೇ ಎಂದು ಕೇಳಿದೆ. ನನ್ನ ದನಿ ನನಗೇ ಬೇರೆಯವರ ದನಿಯಂತೆ ಕೇಳಿಸಿತು.

ತಪ್ಪು ನನ್ನದೇ ಎಂದರು ಅವರು. ಕೊನೆಗೊಮ್ಮೆ ಅವಳು ತಾಯಿಯ ಬಗ್ಗೆ ಬರೆದಿದ್ದಳು, ಗಂಡನ ಕಂಬಳಿಯನ್ನು ಮಾತಾಡಿಸುವ ತಾಯಿ. ಅದನ್ನು ಓದಿ ನಕ್ಕರಂತೆ. ತಡೆಯದೆ ಕೇಳಿಬಿಟ್ಟರಂತೆ, ಇಂಥ ತಾಯಿ ಯಾವ ಊರಿನಾಕೆ, ನೀನು ಯಾರ ಮಗಳು, ಒಮ್ಮೆ ನಮ್ಮ ಮನೆಗೆ ಬಾ ಎಂದು. ಕಳಿಸಿದ ಕೂಡಲೇ ಇಂಗ್ಲಿಷಿನಲ್ಲಿ ಏನೋ ಬಂತು. ಶಿರೀಷಾ ಓದಿ ಹೇಳಿದಳು, ಬ್ಲಾಗಿನವರು ಒಪ್ಪಿದರೆ ಮಾತ್ರ ನಿನ್ನ ಮಾತು ಕಾಣಿಸುತ್ತದಂತೆ ಎಂದು. ಇವರು ಕಾದರು. ಹಿಂದೆಂದೂ ಹಾಗೆ ಬಂದಿರಲಿಲ್ಲ. ಮಾತು ಕಾಣಿಸಲಿಲ್ಲ. ಅಂದರೆ ಅವಳು ಓದಿ, ಬೇಡವೆಂದು ಬಿಟ್ಟಳು. ಮತ್ತೆ ಕೆಲವು ದಿನಕ್ಕೆ ತೆರೆದರೆ ಬರೆದದ್ದೆಲ್ಲ ಅಳಿಸಿ, ಬರೀ ಬೂದಿ ಬಣ್ಣದ ಡಬ್ಬಿಗಳು. ಶಿರೀಷಾ ಬೈದಳಂತೆ, ಹೆಸರು ಬೇಡವೆಂದು ಬಚ್ಚಿಟ್ಟುಕೊಂಡವಳನ್ನು ಯಾರ ಮಗಳು ಎಂದು ಕೇಳುತ್ತಾರಾ ಅಮ್ಮಾ, ಹೆದರಿ ಓಡಿಹೋದಳು ಎಂದು. ನಮ್ಮಲ್ಲಿ ಯಾರನ್ನು ಕಂಡರೂ ಮೊದಲು ಅದನ್ನೇ ಅಲ್ಲವೇ ಕೇಳುವುದು, ಬಾಯಿಗೆ ಬಂದದ್ದು ಬರೆದೆ ಎಂದರು. ಬಾಗಿಲು ತೆಗೆದಿಟ್ಟಿದ್ದಳು, ನಾನು ಒಳಗೆ ಇಣುಕಿದೆ, ಹಾಕಿಕೊಂಡುಬಿಟ್ಟಳು ಎಂದು ಸೇರಿಸಿದರು.

ಅವರು ಮತ್ತೆ ಸೂಜಿ ತೆಗೆದುಕೊಂಡು ಬಾಗಿಲಿನ ಬೆಳಕಿಗೆ ಸೀರೆಯನ್ನು ಸರಿಸಿ ಕೊನೆಯ ಮೊಳವನ್ನು ಹೊಲಿದರು. ಆ ಕಾಮೆಂಟು ನನ್ನದೇ ಬ್ಲಾಗಿನ ಯಾವುದೋ ಗೊಂಬೆಯ ಹಿಂದೆ, ನಾನು ಮುಟ್ಟದ ಯಾವುದೋ ಚಕ್ರದೊಳಗೆ, ನನ್ನ ಒಪ್ಪಿಗೆಗೆ ಕಾಯುತ್ತ ಬಿದ್ದಿದೆ. ನಾನು ಇಲ್ಲಿ ಅವರಿಗೆ ಬೇಸರವಾಯಿತೆಂದು ಕೊರಗಿದೆ, ಅವರು ಅಲ್ಲಿ ನನಗೆ ಹೆದರಿಕೆಯಾಯಿತೆಂದು ಕೊರಗಿದರು. ಇದನ್ನೆಲ್ಲ ಹೇಳಬೇಕಿತ್ತು. ಹೇಳಲು ತೊಡಗಿದರೆ, ಕನ್ನಡ ಬಾರದು ಎಂದು ಈಗಷ್ಟೇ ಆಡಿದ ಸುಳ್ಳಿನಿಂದ ತೊಡಗಬೇಕಿತ್ತು.

ಸೀರೆ ಮಡಿಚಿ ಚೀಲಕ್ಕೆ ಹಾಕಿಕೊಟ್ಟರು. ಹಣ ಕೊಟ್ಟೆ. ಹುಷಾರಾಗಿ ಹೋಗು, ಅಣೆಕಟ್ಟಿನ ಬಸ್ಸು ಹೊತ್ತು ಮುಳುಗುವ ಮೊದಲೇ ಹಿಡಿ ಎಂದರು. ಹೋಗಿ ಬರುತ್ತೇನೆ ಅಕ್ಕಾ ಎಂದೆ. ಎರಡು ಭಾಷೆಗೂ ಅಕ್ಕ ಒಂದೇ ಆದ್ದರಿಂದ ಆ ಮಾತೂ ನನ್ನನ್ನು ಬಿಟ್ಟುಕೊಡಲಿಲ್ಲ. ಮೆಟ್ಟಿಲಿಳಿದೆ. ಇನ್ನು ಹತ್ತು ಹೆಜ್ಜೆ ಹಾಕಿದರೆ ಓಣಿ ತಿರುಗುತ್ತದೆ, ಆಮೇಲೆ ಬಸ್ಸು, ಆಮೇಲೆ ಮನೆ, ಆಮೇಲೆ ದಿನಾ ನಾನೊಬ್ಬಳೇ ತೆರೆದು ನೋಡುವ ಆ ಬೆಳ್ಳನೆಯ ಪರದೆ. ತಿರುಗಿ ಮತ್ತೆ ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತೆ.

ಅವರು ತಲೆಯೆತ್ತಿ ತೆಲುಗಿನಲ್ಲಿ, ಏನಾದರೂ ಮರೆತೆಯಾ ಎಂದರು. ನಾನು ಬಾಯಿ ತೆರೆದೆ. ಅದೇ ಹೊತ್ತಿಗೆ ಕರೆಂಟು ಬಂತು, ನನ್ನ ಬೆನ್ನ ಹಿಂದೆ ಗಿರಣಿ ಗುಡುಗುತ್ತ ತಿರುಗತೊಡಗಿತು. ಹೇಳಿದ್ದು ನನಗೇ ಕೇಳಿಸಲಿಲ್ಲ. ಅವರು ಕಿವಿಯ ಹಿಂದೆ ಕೈ ಇಟ್ಟು ಏನು ಎಂಬಂತೆ ಮುಂದೆ ಬಾಗಿದರು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು, ಗಿರಣಿಯ ಸದ್ದಿನ ಮೇಲೆ ಕೇಳುವಂತೆ, ಮನೆಯಲ್ಲಿ ಮಾತಾಡುವ ಮಾತಿನಲ್ಲಿ ಹೇಳಿದೆ:

“ನಾ ಮಕ್ತಲ್ ಕುರುಬರ ಬೀರಯ್ಯನ ಮಗಳರೀ, ಅಕ್ಕಾ. ನೀವು ಕೇಳಿದ್ದು ನನಗ ಮುಟ್ಟಿದ್ದಿಲ್ಲ.”